ದುಡಿಮೆಯ ಸ್ಥಳದಲ್ಲಿ ದೇಹ ಸೇರುವ ವಿಷವಸ್ತುಗಳು ಮತ್ತು ಅವು ಹೊರಹೋಗುವ ಬಗೆ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಕಾರ್ಮಿಕರು, ರೈತರು, ಘಟಕಗಳ ಮಾಲೀಕರು ಹಾಗೂ ಕುಟುಂಬದವರ ಮಾಹಿತಿಗಾಗಿ)

1. ಪೀಠಿಕೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು ಮುಖ್ಯವಾಗಿ ಕೃಷಿಯನ್ನು ಅವಲಂಬಿಸಿದ ಪ್ರದೇಶಗಳಾಗಿವೆ. ಚನ್ನಗಿರಿ ಭಾಗದ ಅಡಿಕೆ ತೋಟಗಳು, ಭದ್ರಾ ನಾಲೆ ಮತ್ತು ತುಂಗಭದ್ರಾ ನದಿಯ ನೀರನ್ನು ಆಶ್ರಯಿಸಿದ ಭತ್ತದ ಗದ್ದೆಗಳು, ಜಗಳೂರಿನ ಮಳೆಯಾಶ್ರಿತ ಮೆಕ್ಕೆಜೋಳ ಹಾಗೂ ಶೇಂಗಾ ಹೊಲಗಳು ಇಲ್ಲಿನ ಜನರ ಜೀವನಾಧಾರವಾಗಿವೆ. ಆದುದರಿಂದ ಕೈಗಾರಿಕಾ ಮಾಲಿನ್ಯವೆಂಬುದು ದೂರದ ನಗರಗಳಿಗೆ ಸಂಬಂಧಿಸಿದ ವಿಷಯವೆಂಬ ಭಾವನೆ ಸಾಮಾನ್ಯವಾಗಿದೆ.

ವಾಸ್ತವದಲ್ಲಿ ಕಾರ್ಖಾನೆಯಲ್ಲಿ ತಯಾರಾದ ರಾಸಾಯನಿಕಗಳು ಚೀಲ, ಡಬ್ಬಿ ಮತ್ತು ಬಾಟಲಿಗಳ ರೂಪದಲ್ಲಿ ಗ್ರಾಮಗಳನ್ನು ತಲುಪಿವೆ. ಬೆಳೆಗೆ ಔಷಧಿ ಹೊಡೆಯುವವರು ಕೀಟನಾಶಕವನ್ನೂ, ಜಲ್ಲಿ ಕ್ರಷರ್‌ನಲ್ಲಿ ದುಡಿಯುವವರು ಕಲ್ಲಿನ ದೂಳನ್ನೂ, ಬ್ಯಾಟರಿ ಅಂಗಡಿಯವರು ಸೀಸವನ್ನೂ, ಗ್ಯಾರೇಜಿನಲ್ಲಿ ಬಣ್ಣ ಹೊಡೆಯುವವರು ಥಿನ್ನರ್‌ನ ಆವಿಯನ್ನೂ, ಇಟ್ಟಿಗೆ ಭಟ್ಟಿ ಮತ್ತು ಅಡಿಕೆ ಬೇಯಿಸುವ ಒಲೆಗಳ ಮುಂದಿರುವವರು ಹೊಗೆಯನ್ನೂ ಪ್ರತಿನಿತ್ಯ ಎದುರಿಸುತ್ತಾರೆ.

ಇಂತಹ ವಸ್ತುಗಳು ದೇಹದೊಳಗೆ ಸೇರಿದ ಮೇಲೆ ಏನಾಗುತ್ತವೆ, ಯಾವುವು ತಾವಾಗಿಯೇ ಹೊರಹೋಗುತ್ತವೆ, ಯಾವುವು ಉಳಿದುಬಿಡುತ್ತವೆ ಎಂಬುದನ್ನು ಪ್ರತಿಯೊಬ್ಬ ದುಡಿಯುವ ವ್ಯಕ್ತಿಯೂ ತಿಳಿದಿರುವುದು ಅವಶ್ಯವಾಗಿದೆ. "ದೇಹವೇ ಎಲ್ಲವನ್ನೂ ಹೊರಹಾಕುತ್ತದೆ" ಎಂಬ ನಂಬಿಕೆಯು ಕೆಲವು ವಸ್ತುಗಳ ಮಟ್ಟಿಗೆ ನಿಜವಾಗಿದ್ದು, ಇನ್ನು ಕೆಲವು ವಸ್ತುಗಳ ಮಟ್ಟಿಗೆ ಪ್ರಾಣಾಪಾಯಕಾರಿಯಾದ ತಪ್ಪಾಗಿರುತ್ತದೆ. ಈ ವ್ಯತ್ಯಾಸವನ್ನು ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

2. ಒಳಬರುವ ಮೂರು ದಾರಿಗಳು

ವಿಷವಸ್ತುಗಳು ಮುಖ್ಯವಾಗಿ ಮೂರು ದಾರಿಗಳಿಂದ ದೇಹವನ್ನು ಪ್ರವೇಶಿಸುತ್ತವೆ.

(ಅ) ಉಸಿರಾಟ: ಅನಿಲ, ಆವಿ, ಹೊಗೆ ಮತ್ತು ಸೂಕ್ಷ್ಮ ದೂಳು ಈ ದಾರಿಯಿಂದ ಬರುತ್ತವೆ. ದುಡಿಮೆಯ ಸ್ಥಳಗಳಲ್ಲಿ ಇದೇ ಅತಿ ಮುಖ್ಯವಾದ ದಾರಿಯಾಗಿರುತ್ತದೆ.

(ಆ) ಚರ್ಮ: ಬಹುತೇಕ ಕೀಟನಾಶಕಗಳು ಮತ್ತು ದ್ರಾವಕಗಳು ಚರ್ಮದ ಮೂಲಕ ಒಳಸೇರಬಲ್ಲವು. ಔಷಧಿ ಹೊಡೆಯುವಾಗ ಬೆನ್ನಿನ ಮೇಲಿನ ಕ್ಯಾನ್ ಸೋರಿ ಅಂಗಿ ನೆನೆದಲ್ಲಿ, ಒದ್ದೆ ಬಟ್ಟೆಯು ಮೈಗೆ ಅಂಟಿರುವಷ್ಟು ಹೊತ್ತೂ ವಿಷವು ಒಳಸೇರುತ್ತಲೇ ಇರುತ್ತದೆ.

(ಇ) ಬಾಯಿ: ಕೈ ತೊಳೆಯದೆ ಊಟ ಮಾಡುವುದು, ಎಲೆ ಅಡಿಕೆ ಹಾಕಿಕೊಳ್ಳುವುದು, ಬೀಡಿ ಸೇದುವುದು ಇವುಗಳಿಂದ ಕೈಗೆ ಅಂಟಿದ ಸೀಸ ಹಾಗೂ ಔಷಧಿಯ ಅಂಶ ಹೊಟ್ಟೆಗೆ ಹೋಗುತ್ತದೆ.

3. ಹೊರಹೋಗುವ ದಾರಿಗಳು

3.1 ಶ್ವಾಸನಾಳ ಮತ್ತು ಶ್ವಾಸಕೋಶ

ಉಸಿರಿನೊಂದಿಗೆ ಬಂದ ದೊಡ್ಡ ಕಣಗಳನ್ನು ಮೂಗು ಮತ್ತು ಗಂಟಲು ತಡೆಯುತ್ತವೆ. ಅದಕ್ಕಿಂತ ಚಿಕ್ಕ ಕಣಗಳು ಶ್ವಾಸನಾಳದ ಒಳಗೋಡೆಯ ಲೋಳೆಗೆ ಅಂಟಿಕೊಳ್ಳುತ್ತವೆ. ಅಲ್ಲಿರುವ ಅಸಂಖ್ಯಾತ ಸೂಕ್ಷ್ಮ ರೋಮಗಳು ಬಿಡುವಿಲ್ಲದೆ ಆಡುತ್ತಾ ಈ ಲೋಳೆಯನ್ನು ಮೇಲ್ಮುಖವಾಗಿ ತಳ್ಳಿ ಗಂಟಲಿಗೆ ತಲುಪಿಸುತ್ತವೆ. ಹೀಗೆ ಬಂದುದನ್ನು ವ್ಯಕ್ತಿಯು ಕಫವಾಗಿ ಉಗುಳುತ್ತಾನೆ ಅಥವಾ ನುಂಗುತ್ತಾನೆ. ಆರೋಗ್ಯವಂತರಲ್ಲಿ ಈ ಕಾರ್ಯವು ಸುಮಾರು ಒಂದು ದಿನದೊಳಗೆ ಪೂರ್ಣಗೊಳ್ಳುತ್ತದೆ. ಬೀಡಿ ಮತ್ತು ಸಿಗರೇಟಿನ ಹೊಗೆ ಈ ರೋಮಗಳನ್ನು ದುರ್ಬಲಗೊಳಿಸುವುದರಿಂದ ಧೂಮಪಾನಿಗಳಲ್ಲಿ ದೂಳು ಹೆಚ್ಚು ಕಾಲ ಉಳಿಯುತ್ತದೆ.

ಕಣ್ಣಿಗೆ ಕಾಣಿಸದಷ್ಟು ಸಣ್ಣ ದೂಳು ಮಾತ್ರ ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತದೆ. ಅಲ್ಲಿ ರೋಮಗಳಿರುವುದಿಲ್ಲ. ಅಲ್ಲಿನ ಶುಚಿಕಾರ್ಯವನ್ನು ಭಕ್ಷಕ ಕೋಶಗಳು ನಿರ್ವಹಿಸುತ್ತವೆ. ಇವು ಕಣಗಳನ್ನು ನುಂಗಿ ಸಾಗಿಸುತ್ತವೆಯಾದರೂ ಈ ಕಾರ್ಯಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕಾಗುತ್ತವೆ.

ಅನಿಲ ಮತ್ತು ಆವಿಗಳ ವಿಚಾರ ಬೇರೆ. ರಕ್ತದಲ್ಲಿ ಬೆರೆತ ಆವಿಯ ಒಂದಂಶವು ಶುದ್ಧ ಗಾಳಿಯಲ್ಲಿ ಉಸಿರಾಡಿದಾಗ ಉಸಿರಿನ ಮೂಲಕವೇ ಹೊರಬರುತ್ತದೆ. ದಿನವಿಡೀ ಬಣ್ಣ ಹೊಡೆದವರ ಉಸಿರಿನಲ್ಲಿ ರಾತ್ರಿಯೂ ಥಿನ್ನರ್ ವಾಸನೆ ಬರಲು ಇದೇ ಕಾರಣವಾಗಿರುತ್ತದೆ.

3.2 ಯಕೃತ್ತು (ಲಿವರ್)

ಮೂತ್ರಪಿಂಡಗಳು ನೀರಿನಲ್ಲಿ ಕರಗುವ ವಸ್ತುಗಳನ್ನು ಮಾತ್ರ ಸುಲಭವಾಗಿ ಹೊರಹಾಕಬಲ್ಲವು. ಆದರೆ ಬಹಳಷ್ಟು ದ್ರಾವಕಗಳು ಮತ್ತು ಕೀಟನಾಶಕಗಳು ಎಣ್ಣೆ ಹಾಗೂ ಕೊಬ್ಬಿನಲ್ಲಿ ಕರಗುವಂತಹವು. ಇವುಗಳನ್ನು ನೀರಿನಲ್ಲಿ ಕರಗುವಂತೆ ಪರಿವರ್ತಿಸುವ ಹೊಣೆ ಯಕೃತ್ತಿನದು. ಯಕೃತ್ತಿನ ಕಿಣ್ವಗಳು ಮೊದಲ ಹಂತದಲ್ಲಿ ವಸ್ತುವಿನ ರಚನೆಯನ್ನು ಬದಲಿಸುತ್ತವೆ. ಎರಡನೆಯ ಹಂತದಲ್ಲಿ ಅದಕ್ಕೆ ದೇಹದಲ್ಲಿಯೇ ಇರುವ ಮತ್ತೊಂದು ವಸ್ತುವನ್ನು ಜೋಡಿಸಿ ಮೂತ್ರದಲ್ಲಿ ಅಥವಾ ಪಿತ್ತರಸದಲ್ಲಿ ಸಾಗಿಸಲು ಸಿದ್ಧಗೊಳಿಸುತ್ತವೆ. ಉದಾಹರಣೆಗೆ, ಥಿನ್ನರ್‌ನಲ್ಲಿರುವ ಟಾಲ್ವೀನ್ ಮೊದಲು ಬೆಂಜೋಯಿಕ್ ಆಮ್ಲವಾಗಿ, ನಂತರ ಗ್ಲೈಸಿನ್ ಎಂಬ ಅಮೈನೋ ಆಮ್ಲದೊಂದಿಗೆ ಸೇರಿ ಹಿಪ್ಪೂರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಹೋಗುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಈ ಪರಿವರ್ತನೆಯು ಎಲ್ಲ ಸಂದರ್ಭಗಳಲ್ಲಿಯೂ ವಿಷವನ್ನು ತಗ್ಗಿಸುವುದಿಲ್ಲ. ಬೆಂಜೀನ್ ಪರಿವರ್ತನೆಗೊಳ್ಳುವಾಗ ಉಂಟಾಗುವ ವಸ್ತುಗಳೇ ಮೂಳೆಯೊಳಗಿನ ಮಜ್ಜೆಗೆ ಹಾನಿ ಮಾಡುತ್ತವೆ. ಕೆಲವು ಅಂಟು ಮತ್ತು ದ್ರಾವಕಗಳಲ್ಲಿರುವ ಹೆಕ್ಸೇನ್, ಯಕೃತ್ತಿನಲ್ಲಿ ಬದಲಾದ ನಂತರವೇ ಕೈಕಾಲುಗಳ ನರಗಳನ್ನು ಬಾಧಿಸುವ ರೂಪ ಪಡೆಯುತ್ತದೆ. ಕ್ಲೋರ್‌ಪೈರಿಫಾಸ್‌ನಂತಹ ಕೀಟನಾಶಕಗಳು ದೇಹದೊಳಗೆ ಪರಿವರ್ತನೆಗೊಂಡು ಇನ್ನಷ್ಟು ತೀವ್ರವಾದ ವಿಷವಾಗುತ್ತವೆ.

3.3 ಮೂತ್ರಪಿಂಡ (ಕಿಡ್ನಿ)

ಯಕೃತ್ತು ಸಿದ್ಧಪಡಿಸಿದ ವಸ್ತುಗಳನ್ನೂ, ಸೀಸ ಮತ್ತು ಪಾದರಸದಂತಹ ಲೋಹಗಳ ಒಂದಂಶವನ್ನೂ ಮೂತ್ರಪಿಂಡಗಳು ಸೋಸಿ ಹೊರಹಾಕುತ್ತವೆ. ಈ ಕಾರ್ಯಕ್ಕೆ ದೇಹದಲ್ಲಿ ಸಾಕಷ್ಟು ನೀರು ಇರುವುದು ಅವಶ್ಯ. ಜಗಳೂರಿನಂತಹ ಒಣ ಪ್ರದೇಶದ ಬೇಸಿಗೆಯಲ್ಲಿ ಬಿಸಿಲಿನಲ್ಲಿ ದುಡಿಯುವವರು ಬೆವರಿನಿಂದ ಹೆಚ್ಚು ನೀರನ್ನು ಕಳೆದುಕೊಳ್ಳುತ್ತಾರೆ. ಮೂತ್ರ ಕಡಿಮೆಯಾಗಿ ಗಾಢ ಹಳದಿ ಬಣ್ಣಕ್ಕೆ ತಿರುಗಿದಲ್ಲಿ ಮೂತ್ರಪಿಂಡಗಳ ಮೇಲೆ ಒತ್ತಡ ಬಿದ್ದಿದೆಯೆಂದು ತಿಳಿಯಬೇಕು.

3.4 ಪಿತ್ತರಸ ಮತ್ತು ಮಲ

ತಾಮ್ರ ಮತ್ತು ಮ್ಯಾಂಗನೀಸ್ ಮುಖ್ಯವಾಗಿ ಪಿತ್ತರಸದ ಮೂಲಕ ಕರುಳಿಗೆ ಬಂದು ಮಲದೊಂದಿಗೆ ಹೊರಹೋಗುತ್ತವೆ. ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವು (100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ) ತಾಮ್ರವನ್ನು ಒಳಗೊಂಡಿರುತ್ತದೆ. ಅಲ್ಪ ಪ್ರಮಾಣದ ತಾಮ್ರವನ್ನು ದೇಹ ನಿಭಾಯಿಸಬಲ್ಲದು. ಆದರೆ ದ್ರಾವಣದ ತುಂತುರನ್ನು ವರ್ಷಗಟ್ಟಲೆ ಉಸಿರಾಡಿದಲ್ಲಿ ಶ್ವಾಸಕೋಶಕ್ಕೆ ಹಾನಿಯಾಗುವುದೆಂದು ದ್ರಾಕ್ಷಿ ತೋಟಗಳ ಕಾರ್ಮಿಕರ ಮೇಲೆ ವಿದೇಶದಲ್ಲಿ ನಡೆದ ವೈದ್ಯಕೀಯ ಅಧ್ಯಯನಗಳು ತಿಳಿಸಿವೆ.

4. ಅರ್ಧಾಯು: ದೇಹದ ಜಮಾ ಖರ್ಚಿನ ಲೆಕ್ಕ

ದೇಹದಲ್ಲಿರುವ ಒಂದು ವಸ್ತುವಿನ ಪ್ರಮಾಣವು ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲಾವಧಿಗೆ ಆ ವಸ್ತುವಿನ ಅರ್ಧಾಯು ಎನ್ನಲಾಗುತ್ತದೆ. ಯಂತ್ರದ ಮೌಲ್ಯದ ಮೇಲಿನ ಸವಕಳಿಯನ್ನು ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆಯೇ ಲೆಕ್ಕ ಹಾಕುವಂತೆ, ಇಲ್ಲಿಯೂ ಪ್ರತಿ ಬಾರಿ ಉಳಿದುದರಲ್ಲಿ ಅರ್ಧ ಮಾತ್ರ ಹೊರಹೋಗುತ್ತದೆ. 100 ಭಾಗವಿದ್ದುದು ಕ್ರಮವಾಗಿ 50, 25, 12.5, 6.25 ಮತ್ತು 3.1 ಭಾಗಕ್ಕೆ ಇಳಿಯುತ್ತದೆ. ಅಂದರೆ ಐದು ಅರ್ಧಾಯುಗಳು ಕಳೆದ ನಂತರ ಸುಮಾರು ಶೇಕಡ 3ರಷ್ಟು ಉಳಿದಿರುತ್ತದೆ.

ಪ್ರತಿದಿನವೂ ಹೊಸದಾಗಿ ವಿಷ ಸೇರುತ್ತಿದ್ದಲ್ಲಿ ಏನಾಗುವುದೆಂಬುದನ್ನು ಈ ಕೆಳಕಂಡ ಲೆಕ್ಕದಿಂದ ತಿಳಿಯಬಹುದು. ಒಂದು ವಸ್ತುವಿನ ಅರ್ಧಾಯು 24 ಗಂಟೆ ಇದ್ದು, ಕಾರ್ಮಿಕನ ದೇಹಕ್ಕೆ ದಿನಕ್ಕೆ 100 ಭಾಗದಂತೆ ಸೇರುವುದೆಂದು ಭಾವಿಸೋಣ.

ಸೋಮವಾರ ಸಂಜೆ: 100 ಭಾಗ
ಮಂಗಳವಾರ ಸಂಜೆ: 150 ಭಾಗ
ಬುಧವಾರ ಸಂಜೆ: 175 ಭಾಗ
ಗುರುವಾರ ಸಂಜೆ: 187.5 ಭಾಗ
ಶುಕ್ರವಾರ ಸಂಜೆ: ಸುಮಾರು 194 ಭಾಗ
ಶನಿವಾರ ಸಂಜೆ: ಸುಮಾರು 197 ಭಾಗ
ಭಾನುವಾರ ಸಂಜೆ (ರಜೆ): ಸುಮಾರು 98 ಭಾಗ
ಮುಂದಿನ ಸೋಮವಾರ ಸಂಜೆ: ಸುಮಾರು 149 ಭಾಗ

ಮೊದಲನೆಯ ಸೋಮವಾರ ಶೂನ್ಯದಿಂದ ಆರಂಭವಾದ ಲೆಕ್ಕವು ಎರಡನೆಯ ವಾರ ಆರಂಭಿಕ ಶಿಲ್ಕಿನೊಂದಿಗೆ ತೆರೆದುಕೊಳ್ಳುತ್ತದೆ. ಅರ್ಧಾಯು ಕೆಲವೇ ಗಂಟೆಗಳಾಗಿದ್ದಲ್ಲಿ ಒಂದು ರಾತ್ರಿಯ ವಿಶ್ರಾಂತಿಯಲ್ಲಿ ಬಹುಪಾಲು ಖರ್ಚಾಗುತ್ತದೆ. ಅರ್ಧಾಯು ವರ್ಷಗಳಾಗಿದ್ದಲ್ಲಿ ವಾರದ ರಜೆಯಿಂದ ಯಾವ ಪ್ರಯೋಜನವೂ ಆಗುವುದಿಲ್ಲ. ಜಮೆ ನಿಲ್ಲದ ಹೊರತು ಶಿಲ್ಕು ಇಳಿಯದು ಎಂಬುದು ಎರಡೂ ಸಂದರ್ಭಗಳಿಗೆ ಅನ್ವಯಿಸುವ ನಿಯಮವಾಗಿದೆ.

5. ವಸ್ತುವಾರು ವಿವರ

5.1 ಕಾರ್ಬನ್ ಮಾನಾಕ್ಸೈಡ್ (ಹೊಗೆಯಲ್ಲಿರುವ ವಿಷಾನಿಲ)

ಇಟ್ಟಿಗೆ ಭಟ್ಟಿ, ಅಡಿಕೆ ಬೇಯಿಸುವ ಒಲೆ, ಮುಚ್ಚಿದ ಕೋಣೆಯಲ್ಲಿ ಚಾಲನೆಯಲ್ಲಿರುವ ಡೀಸೆಲ್ ಅಥವಾ ಪೆಟ್ರೋಲ್ ಜನರೇಟರ್ ಇವುಗಳಿಂದ ಈ ಅನಿಲ ಹೊರಬರುತ್ತದೆ. ಇದಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇರುವುದಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುವುದರಿಂದ ತಲೆನೋವು, ವಾಕರಿಕೆ ಮತ್ತು ಪ್ರಜ್ಞಾಹೀನತೆ ಉಂಟಾಗುತ್ತವೆ. ಶುದ್ಧ ಗಾಳಿಯಲ್ಲಿ ಇದರ ಅರ್ಧಾಯು ಸುಮಾರು 4ರಿಂದ 5 ಗಂಟೆಗಳು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕ ನೀಡಿದಲ್ಲಿ ಇದು ಸುಮಾರು ಒಂದರಿಂದ ಒಂದೂವರೆ ಗಂಟೆಗೆ ಇಳಿಯುತ್ತದೆ. ದೇಹವು ಪೂರ್ಣವಾಗಿ ಹೊರಹಾಕಬಲ್ಲ ವಿಷಗಳಲ್ಲಿ ಇದೂ ಒಂದು. ಆದರೆ ಅಷ್ಟರೊಳಗೆ ಮೆದುಳು ಮತ್ತು ಹೃದಯಕ್ಕೆ ಆಗುವ ಹಾನಿಯು ಶಾಶ್ವತವಾಗಿರಬಹುದು.

5.2 ಥಿನ್ನರ್ ಮತ್ತು ಪೆಟ್ರೋಲ್ ಆವಿಗಳು

ಟಾಲ್ವೀನ್ ಮತ್ತು ಕ್ಸೈಲೀನ್‌ಗಳ ಬಹುಪಾಲು ಒಂದೆರಡು ದಿನಗಳೊಳಗೆ ಮೂತ್ರ ಮತ್ತು ಉಸಿರಿನ ಮೂಲಕ ಹೊರಹೋಗುತ್ತದೆ. ದೇಹದ ಕೊಬ್ಬಿನಲ್ಲಿ ಸೇರಿದ ಅಂಶವು ನಿಧಾನವಾಗಿ ಬಿಡುಗಡೆಯಾಗುತ್ತದೆ. ಪೆಟ್ರೋಲಿನಲ್ಲಿ ಬೆಂಜೀನ್ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಬೆಂಜೀನ್ ಶೀಘ್ರವಾಗಿ ಹೊರಹೋದರೂ ಮಜ್ಜೆಗೆ ಆದ ಹಾನಿಯು ವರ್ಷಗಳ ನಂತರ ರಕ್ತದ ಕ್ಯಾನ್ಸರ್ ಆಗಿ ತೋರಬಹುದು. ಆದುದರಿಂದ ಪೆಟ್ರೋಲನ್ನು ಬಾಯಿಯಿಂದ ಹೀರಿ ತೆಗೆಯುವುದು, ಪೆಟ್ರೋಲ್ ಅಥವಾ ಥಿನ್ನರ್‌ನಿಂದ ಕೈ ತೊಳೆದುಕೊಳ್ಳುವುದು ಸರ್ವಥಾ ಸಲ್ಲದು.

5.3 ಕೀಟನಾಶಕ ಮತ್ತು ಕಳೆನಾಶಕಗಳು

ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್ ಮುಂತಾದ ರಂಜಕಯುಕ್ತ ಕೀಟನಾಶಕಗಳ ಬಹುಪಾಲು ಕೆಲವು ದಿನಗಳಲ್ಲಿ ಮೂತ್ರದ ಮೂಲಕ ಹೊರಹೋಗುತ್ತದೆ. ಆದರೆ ಇವು ನರಗಳ ಕಾರ್ಯಕ್ಕೆ ಅವಶ್ಯವಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತವೆ. ಕೆಂಪು ರಕ್ತಕಣಗಳಲ್ಲಿರುವ ಈ ಕಿಣ್ವವು ದಿನಕ್ಕೆ ಸುಮಾರು ಶೇಕಡ 1ರಂತೆ ಮಾತ್ರ ಮರಳಿ ತುಂಬಿಕೊಳ್ಳುತ್ತದೆ. ಅಂದರೆ ವಿಷ ಹೋಗಿ ವಾರಗಳು ಕಳೆದರೂ ಕಿಣ್ವದ ಕೊರತೆ ಉಳಿದಿರುತ್ತದೆ. ಈ ಅವಧಿಯಲ್ಲಿ ಪುನಃ ಔಷಧಿ ಹೊಡೆಯಲು ಹೋದಲ್ಲಿ, ಮೊದಲ ಬಾರಿ ಏನೂ ಆಗದಿದ್ದ ಅಲ್ಪ ಪ್ರಮಾಣವೇ ಎರಡನೆಯ ಬಾರಿ ವ್ಯಕ್ತಿಯನ್ನು ನೆಲಕ್ಕೆ ಕೆಡವಬಹುದು. ಒಂದೇ ಹಂಗಾಮಿನಲ್ಲಿ ಹಲವರ ಹೊಲ ತೋಟಗಳಿಗೆ ಕೂಲಿಗಾಗಿ ಔಷಧಿ ಹೊಡೆಯುವವರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಆರೋಗ್ಯವಂತ ಮೂತ್ರಪಿಂಡಗಳು ಬೇಗನೆ ಹೊರಹಾಕಲು ಯತ್ನಿಸುತ್ತವೆಯಾದರೂ, ಅದೇ ವೇಳೆ ಶ್ವಾಸಕೋಶವು ಅದನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಇದಕ್ಕೆ ಪ್ರತಿವಿಷ ಇರುವುದಿಲ್ಲ.

ಎಂಡೋಸಲ್ಫಾನ್‌ನಂತಹ ಕ್ಲೋರಿನ್‌ಯುಕ್ತ ಕೀಟನಾಶಕಗಳು ಕೊಬ್ಬಿನಲ್ಲಿ ಕರಗಿ ಪರಿಸರದಲ್ಲಿ ಬಹುಕಾಲ ಉಳಿಯುತ್ತವೆ. ಕಾಸರಗೋಡು ಜಿಲ್ಲೆಯ ಗೇರು ತೋಟಗಳಲ್ಲಿ ಹೆಲಿಕಾಪ್ಟರ್ ಮೂಲಕ ನಡೆಯುತ್ತಿದ್ದ ಸಿಂಪಡಣೆ 2000ನೇ ವರ್ಷದ ಕೊನೆಯಲ್ಲಿ ನಿಂತಿತು. ಅದಾಗಿ ತಿಂಗಳುಗಳ ನಂತರ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪಡ್ರೆ ಗ್ರಾಮದಲ್ಲಿ ನಡೆಸಿದ ಅಧ್ಯಯನದಲ್ಲಿ ಶಾಲಾ ಮಕ್ಕಳ ರಕ್ತದಲ್ಲಿ ಇದರ ಶೇಷಾಂಶ ಪತ್ತೆಯಾಯಿತು. ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಿನಲ್ಲಿ ದೇಶದಾದ್ಯಂತ ಇದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು.

5.4 ಸೀಸ

ಹಳೆಯ ಬ್ಯಾಟರಿಗಳನ್ನು ಒಡೆಯುವುದು, ಸೀಸದ ಫಲಕಗಳನ್ನು ಕರಗಿಸುವುದು, ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವುದು ಇವುಗಳಿಂದ ಸೀಸವು ದೇಹ ಸೇರುತ್ತದೆ. ವಯಸ್ಕರು ನುಂಗಿದ ಸೀಸದಲ್ಲಿ ಸುಮಾರು ಹತ್ತನೇ ಒಂದು ಭಾಗ ರಕ್ತಕ್ಕೆ ಸೇರಿದರೆ, ಚಿಕ್ಕ ಮಕ್ಕಳಲ್ಲಿ ಅರ್ಧದಷ್ಟು ಸೇರಬಹುದು. ಆಹಾರದಲ್ಲಿ ಕಬ್ಬಿಣ ಮತ್ತು ಸುಣ್ಣದ ಅಂಶ ಕಡಿಮೆಯಿದ್ದಲ್ಲಿ ಈ ಪ್ರಮಾಣ ಹೆಚ್ಚುತ್ತದೆ.

ರಕ್ತದಲ್ಲಿ ಸೀಸದ ಅರ್ಧಾಯು ಸುಮಾರು ಒಂದು ತಿಂಗಳು. ಆದರೆ ದೇಹವು ಸೀಸವನ್ನು ಸುಣ್ಣದ ಅಂಶವೆಂದೇ ಭ್ರಮಿಸಿ ಮೂಳೆಗಳಲ್ಲಿ ಸಂಗ್ರಹಿಸುತ್ತದೆ. ವಯಸ್ಕರ ದೇಹದಲ್ಲಿರುವ ಒಟ್ಟು ಸೀಸದ ಶೇಕಡ 90ಕ್ಕೂ ಹೆಚ್ಚು ಭಾಗ ಮೂಳೆಗಳಲ್ಲಿರುತ್ತದೆ. ಅಲ್ಲಿ ಅದರ ಅರ್ಧಾಯು ದಶಕಗಳಷ್ಟಿರುತ್ತದೆ. ಕೊಳವೆ ಬಾವಿಯ ನೀರಿನ ಫ್ಲೋರೈಡ್ ಮೂಳೆಯಲ್ಲಿ ನೆಲೆಸುವ ಪರಿಯನ್ನು ಜಗಳೂರು ಭಾಗದ ಜನರು ಬಲ್ಲರು. ಸೀಸವೂ ಅಂತೆಯೇ ಮೂಳೆಯನ್ನು ಉಗ್ರಾಣವಾಗಿಸಿಕೊಳ್ಳುತ್ತದೆ. ಗರ್ಭಧಾರಣೆ, ಹಾಲೂಡಿಸುವ ಅವಧಿ ಮತ್ತು ವೃದ್ಧಾಪ್ಯದಲ್ಲಿ ಮೂಳೆ ಕರಗಿದಾಗ ಈ ಉಗ್ರಾಣದ ಸೀಸ ಪುನಃ ರಕ್ತಕ್ಕೆ ಬರುತ್ತದೆ, ತಾಯಿಯಿಂದ ಮಗುವಿಗೂ ಸಾಗುತ್ತದೆ. ಭಾರತದಲ್ಲಿ ಸೀಸಯುಕ್ತ ಪೆಟ್ರೋಲ್ 2000ನೇ ವರ್ಷದಲ್ಲಿ ಕೊನೆಗೊಂಡಿತು. ಆದರೆ ಅದಕ್ಕೆ ಮೊದಲು ವರ್ಷಗಟ್ಟಲೆ ಅದರ ಹೊಗೆಯಲ್ಲಿ ದುಡಿದವರ ಮೂಳೆಗಳಲ್ಲಿ ಅಂದಿನ ಸೀಸದ ಒಂದಂಶ ಇಂದಿಗೂ ಇರಬಹುದಾಗಿದೆ.

ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದು ತಿಳಿದುಬಂದಿಲ್ಲ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಕಂಡುಬಂದಲ್ಲಿ ಅದರ ಮೂಲವನ್ನು ಪತ್ತೆಹಚ್ಚಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ತಂದೆಯ ಕೆಲಸದ ಬಟ್ಟೆಗೆ ಅಂಟಿ ಮನೆಗೆ ಬರುವ ಸೀಸದ ದೂಳು, ಕೆಲಸದ ಸ್ಥಳವನ್ನು ಎಂದೂ ಕಾಣದ ಮಗುವಿನ ಬುದ್ಧಿಬೆಳವಣಿಗೆಯನ್ನು ಕುಂಠಿತಗೊಳಿಸಬಲ್ಲದು.

5.5 ಕಲ್ಲಿನ ದೂಳು (ಸಿಲಿಕಾ)

ದೇಹವು ಹೊರಹಾಕಲು ಅತ್ಯಂತ ಅಸಮರ್ಥವಾಗಿರುವ ವಸ್ತುಗಳಲ್ಲಿ ಇದು ಮುಖ್ಯವಾದುದು. ಕಲ್ಲು ಗಣಿ ಮತ್ತು ಜಲ್ಲಿ ಕ್ರಷರ್‌ಗಳ ಸೂಕ್ಷ್ಮ ದೂಳಿನಲ್ಲಿ ಹರಳು ರೂಪದ ಸಿಲಿಕಾ ಇರುತ್ತದೆ. ಭಕ್ಷಕ ಕೋಶಗಳು ಇದನ್ನು ನುಂಗಿದ ನಂತರ ತಾವೇ ಸಾಯುತ್ತವೆ. ಹೊರಬಿದ್ದ ಕಣವನ್ನು ಮತ್ತೊಂದು ಕೋಶ ನುಂಗಿ ಸಾಯುತ್ತದೆ. ಈ ಕ್ರಿಯೆ ಮುಂದುವರಿದು ಶ್ವಾಸಕೋಶದಲ್ಲಿ ಗಟ್ಟಿಯಾದ ಗಂಟುಗಳು ಬೆಳೆಯುತ್ತವೆ. ಇದೇ ಸಿಲಿಕೋಸಿಸ್ ರೋಗವಾಗಿದ್ದು, ಇದನ್ನು ಗುಣಪಡಿಸುವ ಔಷಧಿ ಇಲ್ಲ. ಇಂತಹವರಿಗೆ ಕ್ಷಯರೋಗ ತಗಲುವ ಸಂಭವವೂ ಹೆಚ್ಚು.

ಈ ರೋಗದ ಕಹಿ ಅನುಭವ ನಮ್ಮ ನಾಡಿಗೆ ಹೊಸದಲ್ಲ. ಕೋಲಾರ ಚಿನ್ನದ ಗಣಿಯ ಕಾರ್ಮಿಕರಲ್ಲಿ ಸಿಲಿಕೋಸಿಸ್ ವ್ಯಾಪಕವಾಗಿದ್ದುದನ್ನು 1940ರ ದಶಕದ ವೈದ್ಯಕೀಯ ಸಮೀಕ್ಷೆಗಳು ದಾಖಲಿಸಿವೆ. ಆ ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೆ ಗಣಿ ಮುಚ್ಚಿದ ಮಾತ್ರಕ್ಕೆ ಶ್ವಾಸಕೋಶದೊಳಗಿನ ದೂಳು ಹೊರಬರುವುದಿಲ್ಲ. ದೂಳಿನ ಕೆಲಸ ಬಿಟ್ಟ ನಂತರವೂ ಈ ರೋಗ ಕಾಣಿಸಿಕೊಳ್ಳಬಹುದು, ಉಲ್ಬಣಿಸಬಹುದು.

6. ರೂಢಿಯಲ್ಲಿರುವ ಕೆಲವು ನಂಬಿಕೆಗಳು

(ಅ) ಬೆಲ್ಲ ತಿಂದರೆ ದೂಳು ಇಳಿಯುತ್ತದೆ: ಬೆಲ್ಲವು ಹೊಟ್ಟೆಗೆ ಹೋಗುತ್ತದೆ, ದೂಳು ಇರುವುದು ಶ್ವಾಸಕೋಶದಲ್ಲಿ. ಗಂಟಲಿನ ಕಿರಿಕಿರಿ ತಾತ್ಕಾಲಿಕವಾಗಿ ಶಮನವಾಗಬಹುದು. ಗಾಳಿಗೂಡುಗಳನ್ನು ತಲುಪಿದ ಸಿಲಿಕಾವನ್ನು ಬೆಲ್ಲವು ಹೊರತರಲಾರದು. ಬೆಲ್ಲದ ಉಂಡೆಯು ನೀರು ಚಿಮುಕಿಸುವುದಕ್ಕೂ ಮುಖಗವಸಿಗೂ ಬದಲಿಯಲ್ಲ.

(ಆ) ಹಾಲು ಕುಡಿದರೆ ವಿಷ ಮುರಿಯುತ್ತದೆ: ಹಾಲು ಪೌಷ್ಟಿಕ ಆಹಾರವಾಗಿದ್ದು, ಅದರಲ್ಲಿನ ಸುಣ್ಣದ ಅಂಶವು ಸೀಸದ ಹೀರುವಿಕೆಯನ್ನು ಸ್ವಲ್ಪ ತಗ್ಗಿಸಬಹುದು. ಈಗಾಗಲೇ ರಕ್ತಕ್ಕೆ ಸೇರಿದ ವಿಷವನ್ನು ಅದು ತೆಗೆಯುವುದಿಲ್ಲ. ಕೀಟನಾಶಕ ಸೇವಿಸಿದವರಿಗೆ ಹಾಲು ಅಥವಾ ಉಪ್ಪುನೀರು ಕುಡಿಸುವುದಾಗಲಿ, ವಾಂತಿ ಮಾಡಿಸುವುದಾಗಲಿ ಅಪಾಯಕಾರಿಯಾಗಿದೆ.

(ಇ) ಬೆವರು ಸುರಿದರೆ ವಿಷ ಹೋಗುತ್ತದೆ: ಬೆವರಿನ ಮುಖ್ಯ ಕಾರ್ಯ ದೇಹವನ್ನು ತಂಪಾಗಿಡುವುದು. ಅದರಲ್ಲಿ ಹೊರಹೋಗುವ ವಿಷದ ಪ್ರಮಾಣ ಅತ್ಯಲ್ಪ. ಬೆವರಿದ ಚರ್ಮದಿಂದ ಕೀಟನಾಶಕ ಒಳಸೇರುವುದು ಮಾತ್ರ ಹೆಚ್ಚಾಗುತ್ತದೆ.

(ಈ) ಸಂಜೆ ಮದ್ಯ ಕುಡಿದರೆ ಎಲ್ಲವೂ ಇಳಿಯುತ್ತದೆ: ಮದ್ಯ ಮತ್ತು ಥಿನ್ನರ್ ಎರಡನ್ನೂ ಯಕೃತ್ತೇ ಪರಿವರ್ತಿಸಬೇಕಾಗಿದೆ. ಮದ್ಯ ಸೇವಿಸಿದಾಗ ಥಿನ್ನರ್‌ನ ಅಂಶವು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ನಿತ್ಯ ಕುಡಿಯುವವರಲ್ಲಿ ಬೆಂಜೀನ್‌ನಂತಹ ವಸ್ತುಗಳ ಹಾನಿ ಅಧಿಕವಾಗುತ್ತದೆ.

7. ಪರೀಕ್ಷೆ ಮತ್ತು ಅದರ ಸಮಯ

ಪರೀಕ್ಷೆಯ ಫಲಿತಾಂಶವು ಮಾದರಿ ತೆಗೆದ ಸಮಯವನ್ನು ಅವಲಂಬಿಸಿರುತ್ತದೆ. ಥಿನ್ನರ್ ಬಳಸುವವರ ಮೂತ್ರವನ್ನು ಪಾಳಿಯ ಕೊನೆಯಲ್ಲಿ ಪರೀಕ್ಷಿಸಬೇಕು. ಎರಡು ದಿನ ರಜೆಯ ನಂತರ ಪರೀಕ್ಷಿಸಿದಲ್ಲಿ ಏನೂ ಕಾಣದಿರಬಹುದು. ಸೀಸಕ್ಕೆ ರಕ್ತಪರೀಕ್ಷೆ ಅವಶ್ಯ. ಆದರೆ ರಕ್ತದ ಮಟ್ಟವು ಇತ್ತೀಚಿನ ತಿಂಗಳುಗಳ ಸೇರ್ಪಡೆಯನ್ನು ಮುಖ್ಯವಾಗಿ ತಿಳಿಸುತ್ತದೆಯೇ ಹೊರತು ಮೂಳೆಯಲ್ಲಿನ ಪೂರ್ಣ ಸಂಗ್ರಹವನ್ನಲ್ಲ. ಔಷಧಿ ಹೊಡೆಯುವವರು ಹಂಗಾಮು ಆರಂಭವಾಗುವ ಮೊದಲೇ ಕೋಲಿನೆಸ್ಟರೇಸ್ ಮಟ್ಟವನ್ನು ತಿಳಿದಿರುವುದು ಉತ್ತಮ. ಏಕೆಂದರೆ ಇದು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿದ್ದು, ಅವರವರ ಮೂಲ ಮಟ್ಟದೊಂದಿಗೆ ಹೋಲಿಸಿದಾಗಲೇ ಇಳಿಕೆ ಸ್ಪಷ್ಟವಾಗುತ್ತದೆ. ಸಿಲಿಕೋಸಿಸ್‌ಗೆ ರಕ್ತ ಅಥವಾ ಮೂತ್ರ ಪರೀಕ್ಷೆ ಸಾಲದು, ಎದೆಯ ಎಕ್ಸ್-ರೇ ಮತ್ತು ಉಸಿರಾಟದ ಸಾಮರ್ಥ್ಯದ ಪರೀಕ್ಷೆ ಮಾಡಿಸಬೇಕು.

ವೈದ್ಯರನ್ನು ಕಾಣುವಾಗ ಕಾರ್ಮಿಕರು ತಮ್ಮ ಉದ್ಯೋಗವನ್ನು ತಪ್ಪದೇ ತಿಳಿಸತಕ್ಕದ್ದು. "ಕೆಮ್ಮು" ಎಂದು ಮಾತ್ರ ಹೇಳಿದವರಿಗೂ "ಹತ್ತು ವರ್ಷದಿಂದ ಕ್ರಷರ್‌ನಲ್ಲಿ ಕೆಲಸ, ಈಗ ಕೆಮ್ಮು" ಎಂದು ಹೇಳಿದವರಿಗೂ ದೊರೆಯುವ ತಪಾಸಣೆ ಬೇರೆಬೇರೆಯಾಗಿರುತ್ತದೆ.

ಸೀಸವನ್ನು ಔಷಧಿಯ ಮೂಲಕ ಮೂತ್ರದಲ್ಲಿ ಹೊರತರುವ ಚಿಕಿತ್ಸೆ ಇದೆ. ಆದರೆ ಇದನ್ನು ತಜ್ಞ ವೈದ್ಯರ ಮೇಲ್ವಿಚಾರಣೆಯಲ್ಲಿ, ಸೀಸದ ಸಂಪರ್ಕವನ್ನು ಸಂಪೂರ್ಣ ನಿಲ್ಲಿಸಿದ ನಂತರವೇ ಕೈಗೊಳ್ಳಬೇಕು. ಚಿಕಿತ್ಸೆ ಪಡೆದು ಪುನಃ ಅದೇ ದೂಳಿಗೆ ಮರಳುವುದರಿಂದ ಪ್ರಯೋಜನವಿಲ್ಲ.

8. ಕಾನೂನಿನ ಅವಕಾಶಗಳು

ಸೀಸದ ವಿಷಬಾಧೆ, ಸಿಲಿಕೋಸಿಸ್, ಬೆಂಜೀನ್ ವಿಷಬಾಧೆ ಮುಂತಾದವುಗಳನ್ನು ಕಾರ್ಖಾನೆಗಳ ಅಧಿನಿಯಮ, 1948ರ ಮೂರನೇ ಅನುಸೂಚಿಯಲ್ಲಿ ಸೇರಿಸಿ, 89ನೇ ಪ್ರಕರಣದ ಮೇರೆಗೆ ಇಂತಹ ರೋಗ ಕಂಡುಬಂದಾಗ ವರದಿ ಮಾಡುವುದನ್ನು ಕಡ್ಡಾಯಗೊಳಿಸಲಾಗಿತ್ತು. ಈ ಅಧಿನಿಯಮದ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020ನ್ನು 2025ರ ನವೆಂಬರ್ 21ರಿಂದ ಜಾರಿಗೆ ತರಲಾಗಿದೆ. ಸದರಿ ಸಂಹಿತೆಯಲ್ಲಿಯೂ ವರದಿ ಮಾಡಬೇಕಾದ ರೋಗಗಳ ಪಟ್ಟಿ ಇದ್ದು, ನಿಗದಿಪಡಿಸಿದ ವರ್ಗದ ಕಾರ್ಮಿಕರಿಗೆ ಮಾಲೀಕರು ಉಚಿತ ವಾರ್ಷಿಕ ಆರೋಗ್ಯ ತಪಾಸಣೆ ಒದಗಿಸಬೇಕಾಗಿದೆ. ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಗೆ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಅನ್ವಯಿಸುತ್ತವೆ.

ಆದಾಗ್ಯೂ ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಸಣ್ಣ ಅಂಗಡಿ, ಗ್ಯಾರೇಜುಗಳು ಸಾಮಾನ್ಯವಾಗಿ ಸಂಹಿತೆಯ ವ್ಯಾಪ್ತಿಯಿಂದ ಹೊರಗುಳಿಯುತ್ತವೆ. ತನ್ನದೇ ಹೊಲಕ್ಕೆ ಔಷಧಿ ಹೊಡೆಯುವ ರೈತನಿಗೆ ವಾರ್ಷಿಕ ತಪಾಸಣೆ ಮಾಡಿಸುವ ಮಾಲೀಕನೇ ಇರುವುದಿಲ್ಲ. ಇಂತಹವರಿಗೆ ಮುನ್ನೆಚ್ಚರಿಕೆಯೇ ಮೊದಲ ರಕ್ಷಣೆಯಾಗಿರುತ್ತದೆ.

9. ಅನುಸರಿಸಬೇಕಾದ ಕ್ರಮಗಳು

1) ಕಲ್ಲು ಒಡೆಯುವ, ಕೊರೆಯುವ ಸ್ಥಳದಲ್ಲಿ ನೀರು ಚಿಮುಕಿಸಿ ದೂಳನ್ನು ಹುಟ್ಟುವ ಜಾಗದಲ್ಲಿಯೇ ಅಡಗಿಸುವುದು. ಟವೆಲ್ ಅಥವಾ ಕರವಸ್ತ್ರವು ಸೂಕ್ಷ್ಮ ದೂಳನ್ನು ತಡೆಯುವುದಿಲ್ಲವಾದ್ದರಿಂದ ಸೂಕ್ತ ಮುಖಗವಸು ಧರಿಸುವುದು.

2) ಔಷಧಿಯನ್ನು ಗಾಳಿಯ ದಿಕ್ಕಿಗೆ ಎದುರಾಗಿ ಹೊಡೆಯದಿರುವುದು, ಸೋರುವ ಕ್ಯಾನ್ ಬಳಸದಿರುವುದು, ಕೈಗವಸು ಮತ್ತು ತುಂಬುತೋಳಿನ ಉಡುಪು ಧರಿಸುವುದು.

3) ಊಟ, ಎಲೆ ಅಡಿಕೆ ಹಾಗೂ ನೀರು ಸೇವನೆಗೆ ಮೊದಲು ಸಾಬೂನಿನಿಂದ ಕೈ, ಮುಖ ತೊಳೆಯುವುದು.

4) ಕೆಲಸದ ಬಟ್ಟೆಯನ್ನು ಮನೆಯೊಳಗೆ ತರದೆ, ಸ್ನಾನದ ನಂತರವೇ ಮಕ್ಕಳನ್ನು ಎತ್ತಿಕೊಳ್ಳುವುದು. ಕೆಲಸದ ಬಟ್ಟೆಗಳನ್ನು ಮನೆಯ ಇತರ ಬಟ್ಟೆಗಳಿಂದ ಪ್ರತ್ಯೇಕವಾಗಿ ಒಗೆಯುವುದು.

5) ಬೇಸಿಗೆಯಲ್ಲಿ ಆಗಾಗ್ಗೆ ಶುದ್ಧ ನೀರು ಕುಡಿಯುವುದು. ಧೂಮಪಾನ ಹಾಗೂ ಮದ್ಯಪಾನವನ್ನು ತ್ಯಜಿಸುವುದು.

6) ಔಷಧಿ ಹೊಡೆಯುವಾಗ ಅತಿಯಾದ ಬೆವರು, ಜೊಲ್ಲು, ಕಣ್ಣು ಮಂಜಾಗುವುದು, ವಾಂತಿ, ಮಾಂಸಖಂಡಗಳ ಅದುರುವಿಕೆ ಅಥವಾ ಉಸಿರಾಟದ ತೊಂದರೆ ಕಂಡುಬಂದಲ್ಲಿ ಕೂಡಲೇ ಕೆಲಸ ನಿಲ್ಲಿಸಿ, ಬಟ್ಟೆ ತೆಗೆದು, ಮೈಯನ್ನು ಸಾಬೂನು ನೀರಿನಿಂದ ತೊಳೆದು, 108 ಆಂಬುಲೆನ್ಸ್ ಮೂಲಕ ಸಮೀಪದ ಸರ್ಕಾರಿ ಆಸ್ಪತ್ರೆಗೆ ಸಾಗಿಸುವುದು. ಔಷಧಿಯ ಡಬ್ಬಿ ಅಥವಾ ಚೀಟಿಯನ್ನು ಜೊತೆಯಲ್ಲಿ ಕೊಂಡೊಯ್ಯುವುದು.

10. ಮುಕ್ತಾಯ

ಮೇಲ್ಕಂಡ ವಿವರಗಳಿಂದ, ಮಾನವ ದೇಹವು ತನ್ನದೇ ಆದ ಸಮರ್ಥ ಶುಚಿ ವ್ಯವಸ್ಥೆಯನ್ನು ಹೊಂದಿದ್ದರೂ ಅದಕ್ಕೆ ಖಚಿತವಾದ ಮಿತಿಗಳಿರುವುದು ತಿಳಿದುಬರುತ್ತದೆ. ಹೊಗೆಯ ಅನಿಲಕ್ಕೆ ಗಂಟೆಗಳು, ಥಿನ್ನರ್‌ಗೆ ದಿನಗಳು, ಕೀಟನಾಶಕದಿಂದಾದ ಕಿಣ್ವದ ಕೊರತೆಗೆ ತಿಂಗಳುಗಳು, ಮೂಳೆಯ ಸೀಸಕ್ಕೆ ದಶಕಗಳು ಬೇಕಾಗುತ್ತವೆ. ಶ್ವಾಸಕೋಶದ ಆಳಕ್ಕೆ ಇಳಿದ ಸಿಲಿಕಾದ ಮಟ್ಟಿಗೆ ಖರ್ಚಿನ ಕಲಮೇ ಇಲ್ಲವೆನ್ನಬಹುದು. ದೇಹದ ಲೆಕ್ಕದಲ್ಲಿ ಖರ್ಚನ್ನು ಹೆಚ್ಚಿಸುವುದು ಯಾರ ಕೈಯಲ್ಲೂ ಹೆಚ್ಚಾಗಿ ಇಲ್ಲ. ಜಮೆಯನ್ನು ತಡೆಯುವುದು ಮಾತ್ರ ಮಾಲೀಕರು ಮತ್ತು ಕಾರ್ಮಿಕರಿಬ್ಬರ ಕೈಯಲ್ಲಿಯೂ ಇದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಸಮಸ್ತ ದುಡಿಯುವ ವರ್ಗದವರು ಈ ಮಾಹಿತಿಯನ್ನು ತಿಳಿದುಕೊಂಡು, ಓದಲು ಬಾರದ ತಮ್ಮ ಸಹೋದ್ಯೋಗಿಗಳಿಗೂ ತಿಳಿಸಿ, ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.